ಬೀಗವಿಲ್ಲದ ನರಕ: ‘ಲೂಸಿಫರ್’ ಧಾರಾವಾಹಿಯೂ ಅದರ ಪ್ರೇಕ್ಷಕರೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಕ್ರೈಸ್ತ ಸಭೆಗಳು ಚಿಕ್ಕವು. ಭಾನುವಾರದ ಆರಾಧನೆ ಮುಗಿದ ಮೇಲೆ ಉಳಿಯುವ ಯುವಜನರು ಕೆಲವರೇ. ಅವರಲ್ಲಿಯೂ ಹೆಚ್ಚಿನವರು ವಾರವೆಲ್ಲ ಬೆಂಗಳೂರಿನಲ್ಲೋ ತುಮಕೂರಿನಲ್ಲೋ ದುಡಿದು ವಾರಾಂತ್ಯಕ್ಕೆ ಊರಿಗೆ ಬಂದವರು. ಇಂಥ ಕೂಟಗಳಲ್ಲಿ ನಮಗೆ ಈಚಿನ ವರ್ಷಗಳಲ್ಲಿ ಮರಳಿ ಮರಳಿ ಎದುರಾದ ಪ್ರಶ್ನೆಯೊಂದಿದೆ: “ಅಯ್ಯನವರೇ, ‘ಲೂಸಿಫರ್’ ನೋಡಿದರೆ ಪಾಪವೇ?” ಪ್ರಶ್ನೆ ಕೇಳುವವರು ಧಾರಾವಾಹಿಯನ್ನು ಆಗಲೇ ನೋಡಿ ಮುಗಿಸಿರುತ್ತಾರೆ. ಅವರಿಗೆ ಬೇಕಾಗಿರುವುದು ಅನುಮತಿಯಲ್ಲ. ನೋಡುವಾಗ ತಮ್ಮೊಳಗೆ ಆದದ್ದೇನು ಎಂಬುದಕ್ಕೆ ಒಂದು ಹೆಸರು. ಆದುದರಿಂದ ಈ ಲೇಖನದಲ್ಲಿ ನಾವು ಧಾರಾವಾಹಿಯನ್ನು ವಿಮರ್ಶಿಸುವಷ್ಟೇ ಗಮನವಿಟ್ಟು ಅದರ ಪ್ರೇಕ್ಷಕರ ಪ್ರತಿಕ್ರಿಯೆಗಳನ್ನು ಪರಿಶೀಲಿಸಲು ಬಯಸುತ್ತೇವೆ. ಆ ಪ್ರತಿಕ್ರಿಯೆಗಳಲ್ಲಿ ಸಭೆಯು ಕೇಳಿಸಿಕೊಳ್ಳಲೇಬೇಕಾದ ಒಂದು ಮೊರೆ ಇದೆ ಎಂಬುದು ನಮ್ಮ ವಾದ.

ಧಾರಾವಾಹಿಯನ್ನು ಕಾಣದ ಓದುಗರಿಗಾಗಿ ಕೆಲವು ಸಂಗತಿಗಳನ್ನು ಹೇಳಬೇಕು. ಈ ಲೂಸಿಫರ್ ಮೊದಲು ಕಾಣಿಸಿಕೊಂಡದ್ದು ಅಮೆರಿಕದ ಡಿಸಿ ಸಂಸ್ಥೆ 1989ರಲ್ಲಿ ಆರಂಭಿಸಿದ ‘ದಿ ಸ್ಯಾಂಡ್‌ಮನ್’ ಎಂಬ ಕಾಮಿಕ್ಸ್ ಮಾಲೆಯಲ್ಲಿ. ಅಲ್ಲಿ ಅವನು ನರಕವನ್ನು ಆಳಿ ಬೇಸತ್ತು, ಬಾಗಿಲು ಹಾಕಿ, ಕೀಲಿಯನ್ನು ಮತ್ತೊಬ್ಬನ ಕೈಗೆ ಕೊಟ್ಟು ಹೊರಟುಹೋಗುತ್ತಾನೆ. ಮುಂದೆ ಮೈಕ್ ಕೇರಿ ಎಂಬ ಲೇಖಕರು ಅವನನ್ನೇ ನಾಯಕನನ್ನಾಗಿಸಿ 2006ರವರೆಗೆ 75 ಸಂಚಿಕೆಗಳ ಪ್ರತ್ಯೇಕ ಮಾಲೆಯನ್ನು ಬರೆದರು. ಈ ಪಾತ್ರವನ್ನು ಆಧರಿಸಿದ ಧಾರಾವಾಹಿಯನ್ನು ಫಾಕ್ಸ್ ವಾಹಿನಿ 2016ರ ಜನವರಿ 25ರಿಂದ ಪ್ರಸಾರ ಮಾಡಿತು. ಟಾಮ್ ಕಪಿನೋಸ್ ಅದನ್ನು ರೂಪಿಸಿದವರು. ಮುಖ್ಯ ಪಾತ್ರ ವಹಿಸಿದ ವೇಲ್ಸ್ ಮೂಲದ ನಟ ಟಾಮ್ ಎಲ್ಲಿಸ್ ಬ್ಯಾಪ್ಟಿಸ್ಟ್ ಸಭಾಪಾಲಕರೊಬ್ಬರ ಮಗ. ಕಾಮಿಕ್ಸಿನ ಗಂಭೀರ ಬಂಡಾಯಗಾರ ತೆರೆಯ ಮೇಲೆ ಲಾಸ್ ಏಂಜಲೀಸಿನಲ್ಲಿ ನೈಟ್ ಕ್ಲಬ್ ನಡೆಸುವ ವಿನೋದಿಯಾಗುತ್ತಾನೆ. ಕ್ಲೋಯಿ ಎಂಬ ಪೊಲೀಸ್ ಪತ್ತೇದಾರಿಣಿಯೊಡನೆ ಕೊಲೆಗಳ ತನಿಖೆ ಮಾಡುತ್ತಾನೆ. ಲಿಂಡಾ ಎಂಬ ಆಪ್ತಸಮಾಲೋಚಕಿಯ ಮುಂದೆ ಕುಳಿತು ತನ್ನ ತಂದೆಯಾದ ದೇವರ ಮೇಲಿನ ಸಿಟ್ಟನ್ನು ತೋಡಿಕೊಳ್ಳುತ್ತಾನೆ. ನೆಟ್‌ಫ್ಲಿಕ್ಸ್ ಭಾರತಕ್ಕೆ ಕಾಲಿಟ್ಟದ್ದು ಅದೇ 2016ರ ಜನವರಿಯಲ್ಲಿ. ಸೆಪ್ಟೆಂಬರಿನಲ್ಲಿ ಜಿಯೋ ಬಂದು ಮೊಬೈಲ್ ಡೇಟಾ ಅಗ್ಗವಾಯಿತು. ಹೀಗೆ ದೂರದೇಶದ ಕಥೆಯೊಂದು ಕಲ್ಪತರು ನಾಡಿನ ಹಳ್ಳಿಯ ಜಗಲಿಯ ಮೇಲೆ ಕೂತವರ ಅಂಗೈಗೂ ಬಂದಿತು.

ಮೊದಲನೆಯ ಪ್ರತಿಕ್ರಿಯೆ: ಭಯ

ಪ್ರೇಕ್ಷಕರ ಪ್ರತಿಕ್ರಿಯೆ ಎಂದೆವು. ಆದರೆ ಮೊದಲ ಪ್ರತಿಕ್ರಿಯೆ ಬಂದದ್ದು ನೋಡದವರಿಂದ. 2015ರಲ್ಲಿಯೇ, ಅಂದರೆ ಮೊದಲ ಕಂತು ಪ್ರಸಾರವಾಗುವ ಮುನ್ನವೇ, ಅಮೆರಿಕದ ‘ಒನ್ ಮಿಲಿಯನ್ ಮಾಮ್ಸ್’ ಎಂಬ ಕ್ರೈಸ್ತ ಗುಂಪು ಇದನ್ನು ಕೈಬಿಡಬೇಕೆಂದು ಸಹಿ ಸಂಗ್ರಹ ನಡೆಸಿತು. ಸೈತಾನನನ್ನು ಮೋಹಕನನ್ನಾಗಿ, ಕಾಳಜಿಯುಳ್ಳವನನ್ನಾಗಿ ತೋರಿಸುವುದು ಸತ್ಯವೇದಕ್ಕೆ ಅಪಹಾಸ್ಯ ಎಂಬುದು ಅವರ ದೂರಿನ ಸಾರ. ಇಂಥ ಅವಸರಕ್ಕೆ ಇನ್ನೊಂದು ನಿದರ್ಶನ 2019ರದು. ‘ಗುಡ್ ಒಮೆನ್ಸ್’ ಎಂಬ ಬೇರೊಂದು ಧಾರಾವಾಹಿಯನ್ನು ನಿಲ್ಲಿಸಬೇಕೆಂದು ಅಲ್ಲಿನ ಕ್ರೈಸ್ತರು 20,000ಕ್ಕೂ ಹೆಚ್ಚು ಸಹಿಗಳ ಮನವಿಯನ್ನು ನೆಟ್‌ಫ್ಲಿಕ್ಸಿಗೆ ಸಲ್ಲಿಸಿದರು. ಅದನ್ನು ಪ್ರಸಾರ ಮಾಡುತ್ತಿದ್ದುದೋ ಅಮೆಜಾನ್. ಖಂಡಿಸುವ ವಸ್ತು ಯಾರ ಮನೆಯದೆಂದೂ ತಿಳಿಯದ ಖಂಡನೆಗೆ ಲೋಕವು ನಕ್ಕಿತು. ಆ ನಗೆಯಲ್ಲಿ ನಮ್ಮ ಪಾಲೂ ಇದೆ ಎಂದು ನಾವು ಒಪ್ಪಿಕೊಳ್ಳಬೇಕು. ಏಕೆಂದರೆ ನಮ್ಮ ಯುವಕರಿಗೆ ನಾವು ಮೊದಲು ಕೊಟ್ಟ ಉತ್ತರವೂ ಹೆಸರನ್ನು ಮಾತ್ರ ಕೇಳಿ ಕೊಟ್ಟ ಉತ್ತರವಾಗಿತ್ತು.

ಆ ಹೆಸರಿನ ಚರಿತ್ರೆಯೇ ಎಚ್ಚರಿಕೆಯನ್ನು ಕಲಿಸುತ್ತದೆ. ಲ್ಯಾಟಿನಿನಲ್ಲಿ ‘ಲೂಸಿಫರ್’ ಎಂದರೆ ಬೆಳಕನ್ನು ತರುವವನು. ನಮ್ಮ ಹಳ್ಳಿಗರು ಬೆಳ್ಳಿ ಎಂದು ಕರೆಯುವ ಮುಂಜಾನೆಯ ಚುಕ್ಕಿ. ಯೆಶಾಯ 14:12ರಲ್ಲಿ ಪ್ರವಾದಿಯು ಈ ಚುಕ್ಕಿಯ ಪತನವನ್ನು ಹಾಡುವುದು ಬಾಬೆಲಿನ ಅರಸನನ್ನು ಅಣಕಿಸುವುದಕ್ಕಾಗಿ. ಲೂಕ 10:18ರೊಡನೆ ಆ ವಾಕ್ಯವನ್ನು ಜೋಡಿಸಿ ಸೈತಾನನ ಪತನವನ್ನು ಅಲ್ಲಿ ಓದಿದವರು ಒರಿಗೆನನೇ ಮೊದಲಾದ ಪ್ರಾಚೀನ ವ್ಯಾಖ್ಯಾನಕಾರರು. ಕ್ಯಾಲ್ವಿನನು ಆ ಓದನ್ನು ಅಜ್ಞಾನವೆಂದು ಬದಿಗಿಟ್ಟನು. ಲ್ಯಾಟಿನ್ ವಲ್ಗೇಟಿನ 2 ಪೇತ್ರ 1:19ರಲ್ಲಿ ಇದೇ ಶಬ್ದವು ವಿಶ್ವಾಸಿಗಳ ಹೃದಯದಲ್ಲಿ ಮೂಡುವ ಬೆಳಕಿಗೆ ಸಲ್ಲುತ್ತದೆ. ಪಾಸ್ಕದ ಹಿಂದಿನ ರಾತ್ರಿ ಹಾಡುವ ಪ್ರಾಚೀನ ಲ್ಯಾಟಿನ್ ಸ್ತುತಿಯಲ್ಲಿ ಅದು ಎಂದಿಗೂ ಮುಳುಗದ ಕ್ರಿಸ್ತನನ್ನೇ ಸೂಚಿಸುತ್ತದೆ. ನಾಲ್ಕನೆಯ ಶತಮಾನದಲ್ಲಿ ನಿಕೇಯದ ವಿಶ್ವಾಸವನ್ನು ಪಟ್ಟುಹಿಡಿದು ಕಾಯ್ದ ಕಾಲ್ಯರಿಯ ಬಿಷಪರ ಹೆಸರೂ ಲೂಸಿಫರ್ ಎಂದೇ. ಹೆಸರಿಗೆ ಹೆದರಿ ಓಡುವವನು ಇದಾವುದನ್ನೂ ಕಾಣಲಾರ.

ಖಳನನ್ನು ಪ್ರೀತಿಸಿದರೆ ಪ್ರೇಕ್ಷಕನು ಖಳನಾಗುವನೆಂಬ ಶಂಕೆಗೆ ನಮ್ಮ ನಾಡಿನಲ್ಲಿಯೇ ಉತ್ತರವಿದೆ. ಗುಬ್ಬಿ ಕಂಪನಿಯು ಹುಟ್ಟಿದ ಈ ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ ಬೇಸಗೆಯ ರಾತ್ರಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ನಡೆಯುತ್ತದೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಪಾಠ ಹೇಳುತ್ತಾರೆ. ಪಾತ್ರ ಮಾಡುವವರು ಹಣ ಕೊಟ್ಟು ಪಾತ್ರ ಪಡೆಯುತ್ತಾರೆ. ಬಹು ಬೇಡಿಕೆಯ ಪಾತ್ರ ದುರ್ಯೋಧನನದು. ಅವನ ಛಲಕ್ಕೆ ಶಿಳ್ಳೆ ಹಾಕಿದ ಜನರೇ ಬೆಳಗಿನ ಜಾವದಲ್ಲಿ ಅವನ ಪತನಕ್ಕೆ ಕಣ್ಣೊರೆಸಿಕೊಳ್ಳುತ್ತಾರೆ. ಹತ್ತನೆಯ ಶತಮಾನದ ರನ್ನನು ‘ಗದಾಯುದ್ಧ’ದಲ್ಲಿ ಶವಗಳ ನಡುವೆ ನಡೆಯುವ ದುರ್ಯೋಧನನ ದುಃಖವನ್ನು ಬರೆದಂದಿನಿಂದ ಕನ್ನಡದ ಪ್ರೇಕ್ಷಕನು ಈ ವಿದ್ಯೆಯನ್ನು ಬಲ್ಲ. ಅನ್ಯಾಯವನ್ನು ಅನ್ಯಾಯವೆಂದು ತಿಳಿದೇ ಅದನ್ನು ಮಾಡಿದವನಿಗಾಗಿ ಅಳುವುದು ಅವನಿಗೆ ಸಾಧ್ಯ. ನಮ್ಮ ಯುವಕರು ಲೂಸಿಫರನಿಗಾಗಿ ಅತ್ತದ್ದು ಈ ಪರಂಪರೆಗೆ ಹೊರತಾದುದಲ್ಲ.

ಹಾಗೆಂದು ಭಯಕ್ಕೆ ಆಧಾರವೇ ಇಲ್ಲವೆಂದು ನಾವು ಹೇಳುವುದಿಲ್ಲ. ಯೋಹಾನ 8:44 ಸೈತಾನನನ್ನು ಸುಳ್ಳಿನ ತಂದೆ ಎನ್ನುತ್ತದೆ. ಧಾರಾವಾಹಿಯ ಲೂಸಿಫರನು ತಾನು ಎಂದೂ ಸುಳ್ಳಾಡೆನೆಂದು ಹೆಮ್ಮೆಪಡುತ್ತಾನೆ. ಅವನು ಪ್ರಲೋಭನೆ ಮಾಡುವವನಲ್ಲ, ಮನುಷ್ಯರ ಆಸೆಗಳನ್ನು ಹೊರಗೆಳೆಯುವವನು ಮಾತ್ರ. ಕೆಡುಕಿನ ಹೊಣೆ ಪೂರ್ತಿ ಮನುಷ್ಯರದು. ಹೀಗೆ ಮಾಡಿದಾಗ ಕೆಡುಕು ಎಂಬುದು ಗಾಯಗೊಂಡ ಮನಸ್ಸಿನ ವರ್ತನೆ ಮಾತ್ರವಾಗಿ, ಮನುಷ್ಯನನ್ನು ಹೊರಗಿನಿಂದ ಹಿಡಿದು ಹಿಂಡುವ ಶಕ್ತಿಯೆಂಬ ಅರಿವು ಮಾಯವಾಗುತ್ತದೆ. ಇದು ನಿಜವಾದ ಕೊರತೆ. ಆದರೆ ಇದನ್ನು ಹೇಳುವ ಹಕ್ಕು ನೋಡಿದವನಿಗೆ ಉಂಟು.

ಎರಡನೆಯ ಪ್ರತಿಕ್ರಿಯೆ: ಪ್ರೀತಿ

ಮೂರು ಭಾಗಗಳ ನಂತರ, 2018ರ ಮೇ ತಿಂಗಳಲ್ಲಿ, ಫಾಕ್ಸ್ ವಾಹಿನಿಯು ಧಾರಾವಾಹಿಯನ್ನು ನಿಲ್ಲಿಸಿತು. ಕಂತುಗಳನ್ನು ಉಳಿಸಿರೆಂಬ ಕೂಗು ಹಲವು ದೇಶಗಳ ಪ್ರೇಕ್ಷಕರಿಂದ ಎದ್ದಿತು. ಸುಮಾರು ಒಂದು ತಿಂಗಳ ಅವಧಿಯಲ್ಲಿ ನೆಟ್‌ಫ್ಲಿಕ್ಸ್ ಅದನ್ನು ಎತ್ತಿಕೊಂಡಿತು. 2019, 2020, 2021ರಲ್ಲಿ ಮುಂದಿನ ಕಂತುಗಳು ಬಂದು, ಆರು ಭಾಗಗಳಲ್ಲಿ ಒಟ್ಟು 93 ಕಂತುಗಳಾಗಿ ಕಥೆ ಮುಗಿಯಿತು. ನಿಲ್ಲಿಸಿರೆಂದು ಸಹಿ ಹಾಕಿದವರು ಸೋತರು, ಉಳಿಸಿರೆಂದವರು ಗೆದ್ದರು ಎಂದು ಇದನ್ನು ಲೆಕ್ಕ ಹಾಕುವುದುಂಟು. ಆ ಲೆಕ್ಕ ನಮಗೆ ಬೇಡ. ಜನರು ಇದರಲ್ಲಿ ಪ್ರೀತಿಸಿದ್ದು ಏನನ್ನು ಎಂಬುದೇ ಪ್ರಶ್ನೆ.

ನಟನ ಚೆಲುವು, ಮಾತಿನ ಚುರುಕು, ಪ್ರಣಯದ ಎಳೆ ಇವೆಲ್ಲ ಇವೆ. ನಮ್ಮ ಕೂಟಗಳ ಯುವಜನರು ಮಾತ್ರ ಬೇರೊಂದನ್ನು ಹೇಳಿದರು: ಈ ಕಥೆಯ ನರಕ. ಧಾರಾವಾಹಿಯ ನರಕದಲ್ಲಿ ಬೆಂಕಿಯ ಕೊಪ್ಪರಿಗೆಗಳಿಲ್ಲ. ಉದ್ದನೆಯ ಓಣಿ, ಓಣಿಯ ಎರಡೂ ಬದಿಗೆ ಬಾಗಿಲುಗಳು. ಒಂದೊಂದು ಬಾಗಿಲಿನ ಹಿಂದೆ ಒಂದೊಂದು ಆತ್ಮವು ತನ್ನ ಬಾಳಿನ ಅತ್ಯಂತ ನಾಚಿಕೆಯ ಗಳಿಗೆಯನ್ನು ಮತ್ತೆ ಮತ್ತೆ ಬಾಳುತ್ತದೆ. ಬಾಗಿಲಿಗೆ ಬೀಗವಿಲ್ಲ. ಅವರನ್ನು ಅಲ್ಲಿ ಹಿಡಿದಿಟ್ಟಿರುವುದು ದೇವರಲ್ಲ, ಸೈತಾನನೂ ಅಲ್ಲ, ಅವರವರ ಅಪರಾಧಪ್ರಜ್ಞೆ. ನರಕದ ಬಾಗಿಲು ಒಳಗಿನಿಂದಲೇ ಮುಚ್ಚಿದೆಯೆಂಬ ವಿಚಾರವನ್ನು ಸಿ.ಎಸ್. ಲೂಯಿಸರ ಓದುಗರು ಬಲ್ಲರು. ಅದು ಕಾಮಿಕ್ಸಿನ ದಾರಿಯಿಂದ ಮನೆಮನೆಗೆ ಬಂದಿದೆ. ಪ್ರಕಟನೆ 12:10ರಲ್ಲಿ ಸೈತಾನನಿಗಿರುವ ಹೆಸರು ದೂರುಗಾರ. ಧಾರಾವಾಹಿಯು ಅವನ ಆ ಕೆಲಸವನ್ನು ಅವನಿಂದ ಕಿತ್ತು ಮನುಷ್ಯನ ಮನಸ್ಸಿಗೆ ವಹಿಸಿಕೊಟ್ಟಿದೆ. ಇದನ್ನು ಕಂಡು ಯಾರಾದರೂ ತಾನೂ ಅಂಥ ಕೋಣೆಯಲ್ಲಿದ್ದೇನೆ ಎಂದುಕೊಂಡರೆ ಆಶ್ಚರ್ಯವೇನು?

ಹಾಗೆಂದುಕೊಂಡ ಒಬ್ಬನನ್ನು ನಾವು ಬಲ್ಲೆವು. ಅವನ ಅನುಮತಿಯಿಂದ, ಹೆಸರು ಊರುಗಳನ್ನು ಬಿಟ್ಟು ಬರೆಯುತ್ತಿದ್ದೇವೆ. ಈ ಸೀಮೆಯ ಉಂಡೆ ಕೊಬ್ಬರಿಗಾಗಿ ಬಲಿತ ಕಾಯನ್ನು ಸುಲಿಯದೆ ತಿಂಗಳುಗಟ್ಟಲೆ ಅಟ್ಟದ ಮೇಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಇಳಿಸುತ್ತಾರೆ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಆ ಮಗನಿಗೆ ತಂದೆ ಫೋನು ಮಾಡಿ ಕಾಯಿ ಇಳಿಸಲು ಬಾ ಎಂದಿದ್ದರು. ಅವನು ಹೋಗಲಿಲ್ಲ. ವಯಸ್ಸಾದ ತಂದೆ ತಾವೇ ಅಟ್ಟ ಹತ್ತಿ ಬಿದ್ದರು, ಮತ್ತೆ ಏಳಲಿಲ್ಲ. ಅಂತ್ಯಸಂಸ್ಕಾರದ ದಿನ ನಾವು ಪುನರುತ್ಥಾನದ ವಾಕ್ಯವನ್ನು ಓದಿ ಸಾಂತ್ವನ ಹೇಳಿ ಬಂದೆವು. ಎರಡು ವರ್ಷದ ಮೇಲೆ ಅವನು ಹೇಳಿದ್ದು ಇಷ್ಟೇ: “ಆ ಬಾಗಿಲುಗಳನ್ನ ನೋಡಿದಾಗ ಗೊತ್ತಾಯ್ತು ಅಯ್ಯನವರೇ. ನನ್ನ ಕೋಣೇಲಿ ಫೋನು ಬಡ್ಕೋತಾನೇ ಇರುತ್ತೆ.” ನಮ್ಮ ಪ್ರಸಂಗಗಳು ತಲುಪದಿದ್ದ ಕೋಣೆಯನ್ನು ಒಂದು ಧಾರಾವಾಹಿ ತಲುಪಿತ್ತು. ಇದನ್ನು ಬರೆಯುವಾಗ ನಮಗೆ ನಾಚಿಕೆಯಾಗುತ್ತದೆ.

ಮೂರನೆಯ ಪ್ರತಿಕ್ರಿಯೆ: ಸಿಟ್ಟು

2021ರ ಸೆಪ್ಟೆಂಬರ್ 10ರಂದು ಬಂದ ಕೊನೆಯ ಭಾಗಕ್ಕೆ ಪ್ರೇಕ್ಷಕರು ಇಬ್ಭಾಗವಾದರು. ಅದರಲ್ಲಿ ಲೂಸಿಫರನು ದೇವರ ಸಿಂಹಾಸನವನ್ನು ತನ್ನ ಅಣ್ಣ ಅಮೆನಡಿಯೆಲನಿಗೆ ಬಿಟ್ಟುಕೊಟ್ಟು ತಾನು ನರಕಕ್ಕೆ ಮರಳುತ್ತಾನೆ. ಈಗ ಅವನು ಅಲ್ಲಿ ದಂಡಿಸುವವನಲ್ಲ. ಲಿಂಡಾ ತನಗೆ ಮಾಡಿದ್ದನ್ನು ತಾನು ಇತರರಿಗೆ ಮಾಡುವ ಸಮಾಲೋಚಕ. ಆತ್ಮಗಳು ತಮ್ಮ ಅಪರಾಧಪ್ರಜ್ಞೆಯಿಂದ ಬಿಡಿಸಿಕೊಂಡು ಮೇಲಕ್ಕೆ ಹೋಗಲು ನೆರವಾಗುವುದು ಅವನ ಕರೆ. ಆದರೆ ಅದಕ್ಕಾಗಿ ಅವನು ಕ್ಲೋಯಿಯನ್ನೂ ಇನ್ನೂ ಹುಟ್ಟದ ಮಗಳು ರೋರಿಯನ್ನೂ ಬಿಟ್ಟುಹೋಗಬೇಕು. ಮಗಳು ತಂದೆಯಿಲ್ಲದೆ ಬೆಳೆಯುತ್ತಾಳೆ. ಕ್ಲೋಯಿಯು ಮುಪ್ಪಿನಲ್ಲಿ ತೀರಿಕೊಂಡ ಮೇಲಷ್ಟೇ ನರಕದ ಬಾಗಿಲಲ್ಲಿ ಅವನನ್ನು ಕೂಡುತ್ತಾಳೆ.

ಒಂದು ಪಾಲಿನ ಪ್ರೇಕ್ಷಕರಿಗೆ ಇದು ಉದಾತ್ತ ತ್ಯಾಗ. ಇನ್ನೊಂದು ಪಾಲಿನವರು ಸಿಟ್ಟಾದರು: ತಂದೆ ತನ್ನನ್ನು ತೊರೆದನೆಂದು ಆರು ಭಾಗಗಳುದ್ದಕ್ಕೂ ನೊಂದವನು ತನ್ನ ಮಗುವನ್ನು ತಾನೇ ತೊರೆಯುವುದೇ? ನಮ್ಮ ಕೂಟದ ಯುವತಿಯೊಬ್ಬಳು ಇದನ್ನೇ ಇನ್ನೂ ನೇರವಾಗಿ ಕೇಳಿದಳು. ಒಳ್ಳೆಯ ಕೆಲಸಕ್ಕೆಂದು ಹೋಗುವ ಅಪ್ಪಂದಿರೂ ಹೋದವರೇ ಅಲ್ಲವೇ ಎಂದಳು. ಮಳೆ ಕೈಕೊಟ್ಟು, ಕೊಳವೆ ಬಾವಿಗಳು ಬತ್ತಿ, ತೋಟಗಳು ಸುಳಿ ಒಣಗಿ ನಿಂತ ವರ್ಷಗಳಲ್ಲಿ ದುಡಿಮೆಗಾಗಿ ಊರು ಬಿಟ್ಟ ತಂದೆಯರ ಮಕ್ಕಳು ನಮ್ಮ ಸಭೆಗಳಲ್ಲಿದ್ದಾರೆ. ಅವರ ಸಿಟ್ಟು ಕಥೆಯ ತಂತ್ರದ ಬಗೆಗಿನ ಅಸಮಾಧಾನವಲ್ಲ.

ಮೂರು ಪ್ರತಿಕ್ರಿಯೆಗಳಲ್ಲಿ ಈ ಸಿಟ್ಟೇ ದೈವಶಾಸ್ತ್ರಕ್ಕೆ ಬಹಳ ಸಮೀಪವಾದುದು ಎಂದು ನಾವು ಭಾವಿಸುತ್ತೇವೆ. ಏಕೆಂದರೆ ಧಾರಾವಾಹಿಯ ಬೋಧನೆಯಲ್ಲಿರುವ ಬಿರುಕನ್ನು ಅದು ಕಂಡುಹಿಡಿದಿದೆ. ಬೋಧನೆ ಹೇಳುವುದೇನೆಂದರೆ, ಬಾಗಿಲಿಗೆ ಬೀಗವಿಲ್ಲ, ನಿನ್ನನ್ನು ನೀನೇ ಕ್ಷಮಿಸಿಕೋ, ಹೊರಗೆ ಬಾ. ಆದರೆ ಕಥೆಯಲ್ಲಿ ಹಾಗೆ ತಾನಾಗಿಯೇ ನಡೆದು ಹೊರಬಂದವರು ಯಾರು? ಎರಡನೆಯ ಭಾಗದಲ್ಲಿ ತಮ್ಮನಾದ ಯೂರಿಯೆಲನನ್ನು ಕೊಂದ ಲೂಸಿಫರನು ನರಕಕ್ಕೆ ಹೋದಾಗ ಆ ಕೊಲೆಯ ಗಳಿಗೆಯಲ್ಲಿಯೇ ಸಿಕ್ಕಿಬೀಳುತ್ತಾನೆ. ಬಾಗಿಲಿಗೆ ಬೀಗವಿಲ್ಲವೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅವನು. ಆದರೂ ತಾಯಿಯು ಅಲ್ಲಿಗೆ ಇಳಿದು ಬಂದ ಮೇಲೆಯೇ ಅವನು ಹೊರಬರುತ್ತಾನೆ. ಕ್ಲೋಯಿಯ ಮಾಜಿ ಪತಿ ಡ್ಯಾನ್ ಸತ್ತು ನರಕಕ್ಕೆ ಹೋಗುತ್ತಾನೆ. ತನ್ನನ್ನು ತಾನು ಕ್ಷಮಿಸಿಕೊಳ್ಳಲು ಮಾಡಿದ ಯತ್ನಗಳೆಲ್ಲ ಸೋಲುತ್ತವೆ. ಮಗಳು ಟ್ರಿಕ್ಸಿಯೊಡನೆ ಮಾತನಾಡಿದ ಮೇಲೆಯೇ ಅವನ ಭಾರ ಇಳಿಯುತ್ತದೆ. ಕೊನೆಗೆ ಲೂಸಿಫರನು ಸಮಾಲೋಚಕನಾಗಿ ಕೆಳಗಿಳಿಯುವುದೇ ಬೀಗವಿಲ್ಲದ ಬಾಗಿಲು ಸಾಲದೆಂಬುದಕ್ಕೆ ಸಾಕ್ಷಿ. ಯಾರಾದರೂ ಇಳಿದು ಬರಬೇಕು. ಕಥೆಗಾರರು ಒಂದನ್ನು ಬೋಧಿಸಿದರು. ಅವರ ಕಥೆ ಇನ್ನೊಂದನ್ನು ಬಲ್ಲುದಾಗಿತ್ತು.

ಈ ಧಾರಾವಾಹಿಯಲ್ಲಿ ದೇವರಿದ್ದಾನೆ, ದೇವದೂತರಿದ್ದಾರೆ, ಹವ್ವಳೂ ಕಾಯಿನನೂ ಇದ್ದಾರೆ, ಕ್ರಿಸ್ತನಿಲ್ಲ. ಇದು ಆಕಸ್ಮಿಕವಲ್ಲ. ಇಲ್ಲಿ ಇಳಿದು ಬರುವವನು ಕೇಳಿಸಿಕೊಳ್ಳಬಲ್ಲ, ಹೊತ್ತುಕೊಳ್ಳಲಾರ. ಅನ್ಯಾಯಕ್ಕೊಳಗಾದವರ ಕಡೆಯ ಮಾತನ್ನು ಆಡುವ ಅಧಿಕಾರವೂ ಅವನಿಗಿಲ್ಲ. ಅಟ್ಟದಿಂದ ಬಿದ್ದ ತಂದೆಯ ಪರವಾಗಿ ಮಗನನ್ನು ಕ್ಷಮಿಸುವವರು ಯಾರು? ಮಗನೇ ತನ್ನನ್ನು ಕ್ಷಮಿಸಿಕೊಂಡರೆ ಅದು ತಂದೆಯನ್ನು ಎರಡನೆಯ ಸಾರಿ ಮರೆತಂತೆ. ಆ ಯುವಕನು ತನಗೆ ತಾನೇ ಬಿಡುಗಡೆ ಕೊಟ್ಟುಕೊಳ್ಳಲು ಒಪ್ಪದಿದ್ದುದರಲ್ಲಿ ರೋಗ ಮಾತ್ರವಲ್ಲ, ನ್ಯಾಯವೂ ಇತ್ತು. ಹೃದಯವೇ ದೂರುಗಾರನಾದಾಗ ಅದಕ್ಕಿಂತ ದೊಡ್ಡವನೊಬ್ಬನು ಎಲ್ಲವನ್ನೂ ಅರಿತವನಾಗಿ ಇದ್ದಾನೆಂದು 1 ಯೋಹಾನ 3:20 ಹೇಳುವುದು ಇಂಥವನಿಗಾಗಿ. ಅಲ್ಲಿ ಸಮಾಧಾನದ ಆಧಾರ ನಮ್ಮ ಹೃದಯದ ಒಪ್ಪಿಗೆಯಲ್ಲ, ದೇವರ ಅರಿವು.

ಅಪೊಸ್ತಲರ ವಿಶ್ವಾಸಪ್ರಮಾಣದಲ್ಲಿ ಶಿಲುಬೆಗೂ ಪುನರುತ್ಥಾನಕ್ಕೂ ನಡುವೆ ಒಂದು ಚಿಕ್ಕ ಮಾತಿದೆ: ಅವನು ಸತ್ತವರ ಲೋಕಕ್ಕೆ ಇಳಿದನು ಎಂಬುದು. ಅಮೆರಿಕದ ಮೆಥೊಡಿಸ್ಟ್ ಪರಂಪರೆಯಲ್ಲಿ ಆ ಮಾತನ್ನು ಬಹುಕಾಲ ಬಿಟ್ಟೇ ಹೇಳುತ್ತಿದ್ದರು. ನಾವು ಅದನ್ನು ಬಿಡದೆ ಹೇಳುತ್ತೇವೆ, ಆದರೆ ಅದರ ಮೇಲೆ ಪ್ರಸಂಗ ಮಾಡುವುದು ಅಪರೂಪ. 1 ಪೇತ್ರ 3:19ರ ವ್ಯಾಖ್ಯಾನ ಕಷ್ಟವೆಂದು ಶುಭ ಶುಕ್ರವಾರದಿಂದ ನೇರವಾಗಿ ಭಾನುವಾರದ ಮುಂಜಾನೆಗೆ ದಾಟಿಬಿಡುತ್ತೇವೆ. ನಾವು ದಾಟಿಬಿಟ್ಟ ಆ ಶನಿವಾರದಲ್ಲಿಯೇ ನಮ್ಮ ಯುವಕರು ಕುಳಿತಿದ್ದಾರೆ. ಪೂರ್ವದ ಸಭೆಗಳ ಪುನರುತ್ಥಾನದ ಚಿತ್ರಪಟಗಳಲ್ಲಿ ಕ್ರಿಸ್ತನು ಮುರಿದ ಕದಗಳ ಮೇಲೆ ನಿಂತು ಆದಾಮ ಹವ್ವರನ್ನು ಕೈಹಿಡಿದು ಎತ್ತುತ್ತಾನೆ. ಹಲವು ಪಟಗಳಲ್ಲಿ ಅವನು ಹಿಡಿದಿರುವುದು ಅವರ ಮಣಿಕಟ್ಟನ್ನು. ಎತ್ತಲ್ಪಡುವವನಲ್ಲಿ ಹಿಡಿದುಕೊಳ್ಳುವ ಬಲವೂ ಉಳಿದಿಲ್ಲವೆಂದು ಬಲ್ಲವನ ಹಿಡಿತ ಅದು. ಧಾರಾವಾಹಿಯು ಹಂಬಲಿಸಿದ್ದು ಇಂಥವನಿಗಾಗಿ. ಅದು ಒದಗಿಸಿದ್ದು ಒಬ್ಬ ಸಮಾಲೋಚಕನನ್ನು. ಸಮಾಲೋಚನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆ ಯುವಕನಿಗೆ ಅದೂ ಬೇಕಾಯಿತು. ಆದರೆ ಅವನ ಕೋಣೆಯಲ್ಲಿ ಬಡಿದುಕೊಳ್ಳುತ್ತಿದ್ದ ಫೋನಿನ ಆ ಕಡೆ ಸತ್ತ ತಂದೆಯಿದ್ದರು. ಸತ್ತವರ ಬಳಿಗೂ ಹೋಗಿಬಂದವನೊಬ್ಬನೇ ಆ ಎರಡೂ ಕಡೆಗೆ ಸಲ್ಲುವವನು.

ಆದುದರಿಂದ “ನೋಡಿದರೆ ಪಾಪವೇ?” ಎಂದು ಕೇಳುವವರಿಗೆ ನಾವು ಈಗ ಮರುಪ್ರಶ್ನೆ ಹಾಕುತ್ತೇವೆ: “ಯಾವ ಬಾಗಿಲು ಕಂಡೆ?” ಉತ್ತರಕ್ಕಾಗಿ ಕಾಯಬೇಕಾಗುತ್ತದೆ. ನೀರು ಇಂಗುವ ಮೊದಲೇ ಒಡೆದ ಕಾಯಿಂದ ಉಂಡೆ ಸಿಗದೆಂದು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂತ್ಯಸಂಸ್ಕಾರದ ದಿನ ನಾವು ಓದಿದ ವಾಕ್ಯ ಸತ್ಯವಾಗಿತ್ತು. ನಾವು ಮಾತ್ರ ಅವಸರದಲ್ಲಿದ್ದೆವು. ಆ ಯುವಕನು ಕಳೆದ ವರ್ಷ ಪಾಸ್ಕದ ಹಿಂದಿನ ಶನಿವಾರ ಊರಿಗೆ ಬಂದನು. ನಾವಿಬ್ಬರೂ ಅವನ ತಂದೆಯ ಸಮಾಧಿಯ ಬಳಿ ನಿಂತು ವಿಶ್ವಾಸಪ್ರಮಾಣವನ್ನು ಹೇಳಿದೆವು. ಇಳಿದನು ಎಂಬಲ್ಲಿಗೆ ಬಂದಾಗ ಅವನು ತಡೆದು ನಿಂತನು. ನಾವೂ ನಿಂತೆವು. ಸ್ವಲ್ಪ ಹೊತ್ತಿನ ಮೇಲೆ ಆ ಮಾತನ್ನು ಅವನೇ ಹೇಳಿದನು. ಉಳಿದುದನ್ನು ಇಬ್ಬರೂ ಕೂಡಿ ಮುಗಿಸಿದೆವು.